ಎರಡಕ್ಷರ

ಶಿವರಾತ್ರಿ ಕಳೆದು ವಾರವಾಗಿತ್ತು. ಬೆಳಗಿನ ಎಂಟಕ್ಕೇ ಬಿಸಿಲು ಅಂಗಳದ ಅರ್ಧದವರೆಗೆ ಬಂದಿತ್ತು. ಸದಾಶಿವಯ್ಯನವರ ಅಟ್ಟದಿಂದ ಹೋದ ವರ್ಷದ ತೆಂಗಿನಕಾಯಿ ಇಳಿಸುವ ಕೆಲಸ ಶುರುವಾಗಿ ಅಂದಿಗೆ ಮೂರು ದಿನ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಚುಚ್ಚಿ, ಎರಡು ತಿರುವಿಗೆ ಮಟ್ಟೆ ಬಿಡಿಸಿ ಸಣ್ಣತಿಮ್ಮಯ್ಯ ಎಸೆಯುತ್ತಿದ್ದ. ಸದಾಶಿವಯ್ಯ ಕಲ್ಲುಚಪ್ಪಡಿಯ ಮೇಲೆ ಕೂತು ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ವರ್ಷವಿಡೀ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದ ಕಾಯಿ ಒಳಗೆ ಲೊಡಲೊಡ ಉರುಳುತ್ತದೆ. ಅದು ಕಲ್ಲಮ್ಮನ ಕಡೆಗೆ. ಅವಳು ಮಚ್ಚಿನ ಬೆನ್ನಲ್ಲಿ ಸುತ್ತ ತಟ್ಟಿ ಚಿಪ್ಪು ಒಡೆದು, ಕೊಬ್ಬರಿ ಉಂಡೆಯನ್ನು ಗೀರು ಬೀಳದಂತೆ ಹೊರಗೆ ತೆಗೆಯುತ್ತಾಳೆ. ಸದ್ದು ಮಾಡದ ಕಾಯಿ ಗೋಡೆಯ ಮೂಲೆಗೆ.

ಸದ್ದು ಮಾಡದ ಕಾಯಿಯನ್ನು ಈ ಸೀಮೆಯಲ್ಲಿ ಎಲ್ಲರೂ ಹಸಿ ಎನ್ನುತ್ತಾರೆ. ಸದಾಶಿವಯ್ಯನವರ ಅಂಗಳದಲ್ಲಿ ಮಾತ್ರ ಯಾರೂ ಅನ್ನುವುದಿಲ್ಲ. ಅಲ್ಲಿ "ಇನ್ನೂ ಆಗಿಲ್ಲ" ಅನ್ನಬೇಕು. ಸಂತೆಯಿಂದ ತಂದ ಹಸಿಮೆಣಸಿನಕಾಯಿ ಆ ಮನೆಯ ಹೊಸ್ತಿಲು ದಾಟಿದರೆ ಬರೀ ಮೆಣಸಿನಕಾಯಿ. ಅವರ ಹೆಂಡತಿ ಗುರುಶಾಂತಮ್ಮ ಗಂಡನನ್ನು "ಹಸಿವಾಯ್ತಾ" ಎಂದು ಕೇಳುವುದನ್ನು ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. "ಉಣ್ಣಾಕ್ ಬತ್ತೀರಾ" ಅಂದರೆ ಸಾಕು, ಅವರು ಎದ್ದು ಬರುತ್ತಿದ್ದರು.

ಅಂದು ಬೆಳಿಗ್ಗೆ ಕಲ್ಲಮ್ಮ ಬಾಯಿ ತಪ್ಪಿದಳು.

"ಮೂಲೇಲಿರೋವು ಇವತ್ತೂ ಭಾನವ್ವ ತಗಂಡೋಯ್ತಾಳಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗುತ್ತಾ ಸೇರಿಸಿದಳು. "ನಿನ್ನೆ ತಗಂಡೋದ ಹಸಿಕಾಯ್ನೆಲ್ಲಾ ಬೆಂಚಿನ ಮೇಲೆ ಸಾಲಾಗಿ ಕೂರ್ಸವ್ಳಂತೆ. ನಾಟ್ಕ ನೋಡಾಕೆ!"

ಹಾರೆಯ ಮೇಲೆ ಸಣ್ಣತಿಮ್ಮಯ್ಯನ ಕೈ ನಿಂತಿತು.

"ಏನಂದೆ?" ಅಂದರು ಸದಾಶಿವಯ್ಯ.

"ಇನ್ನೂ ಆಗ್ದಿರೋವು ಅನ್ನಾಕೋದೆ. ಬಾಯಿ ತಪ್ತು ಕಣ್ರಯ್ಯ."

"ಅದ್ನಲ್ಲ ಕೇಳಿದ್ದು. ಯಾವ ನಾಟ್ಕ?"

"ನಂಗೇನು ಗೊತ್ತು? ನಿಮ್ಮ ಹಳೇ ಗೋಡೌನಾಗೆ ಸ್ಟೇಜು ಕಟ್ಟವ್ಳೆ. ಪರದೆ ಐತೆ, ರಾಜನ ಕಿರೀಟ ಐತೆ. ಪರದೆ ಹೊಲ್ದಿರೋದು ದಂಡಿನಶಿವರದ ಲಿಯಾಕತ್ ಸಾಬ್ರಂತೆ."

"ಏ, ಮುಚ್ಚಮ್ಮಿ ಸಾಕು," ಎಂದ ಸಣ್ಣತಿಮ್ಮಯ್ಯ. ಅಷ್ಟರಲ್ಲಿ ಸದಾಶಿವಯ್ಯ ಎದ್ದಾಗಿತ್ತು. ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸದೆಯೇ ಕೆಳಗೆ ಬಿಟ್ಟು, ಕಲ್ಲಮ್ಮನ ಪಕ್ಕದಲ್ಲಿದ್ದ ಮಚ್ಚು ಎತ್ತಿಕೊಂಡು, ಚಪ್ಪಲಿ ಮೆಟ್ಟದೆ ಹೊರಟರು.

ಮೂವತ್ತೊಂದು ವರ್ಷದ ಹಿಂದೆ ಊರಿನಲ್ಲಿ ಒಂದು ನಾಟಕವಾಗಿತ್ತು. ಬರೆದವರು ಊರಿನ ಶಾಲೆಯ ಮೇಷ್ಟ್ರೇ, ಹೆಸರು 'ಕಣಜದ ದೊರೆ'. ಬರಗಾಲದಲ್ಲಿ ಪ್ರಜೆಗಳು ಅರಮನೆಯ ಕಣಜಕ್ಕೆ ನುಗ್ಗುತ್ತಾರೆ, ಸೈನಿಕರು ಹಿಡಿದು ತಂದು ದೊರೆಯ ಮುಂದೆ ನಿಲ್ಲಿಸುತ್ತಾರೆ. ಆಗ ಮೂವತ್ತಮೂರರ ಸದಾಶಿವಯ್ಯನಿಗೆ ದೊರೆಯ ಪಾತ್ರ. ವೇಷದ ಬಟ್ಟೆ ಹೊಲಿದವನು ದಂಡಿನಶಿವರದ ಟೈಲರ್ ಲಿಯಾಕತ್ ಅಲಿ. ಅವನ ಅಕ್ಷರ ದುಂಡಗಿದ್ದದ್ದರಿಂದ ಮೇಷ್ಟ್ರು ನಾಟಕವನ್ನು ಅವನ ಕೈಯಲ್ಲೇ ನೋಟುಪುಸ್ತಕಕ್ಕೆ ಬರೆಸಿ, ಪರದೆಯ ಹಿಂದೆ ಮಾತು ಕೊಡುವ ಕೆಲಸಕ್ಕೂ ಅವನನ್ನೇ ಕೂರಿಸಿದ್ದರು. ಮೇಷ್ಟ್ರ ಕಟ್ಟಪ್ಪಣೆ ಒಂದೇ: ಮಾತು ಮರೆತವನಿಗೆ ಮೊದಲ ಎರಡಕ್ಷರ ಕೊಡಬೇಕು, ಹೆಚ್ಚು ಕೊಡಬಾರದು. ಉಳಿದದ್ದನ್ನು ಅವನೇ ಎತ್ತಿಕೊಳ್ಳಬೇಕು.

ಹಿಡಿದು ತಂದ ಪ್ರಜೆಗಳು ಮುಂದೆ ಬಂದು ನಿಂತಾಗ ದೊರೆಗೆ ಮಾತು ಹೊಳೆಯಲಿಲ್ಲ. ನಾಲ್ಕೂರಿನ ಜನ ಕೂತಿದ್ದರು. ಪರದೆಯ ಹಿಂದಿನಿಂದ ಪಿಸುಮಾತು ಬಂತು. ಪಕ್ಕದಲ್ಲೇ ನೇತುಹಾಕಿದ್ದ ಮೈಕು ಆ ಪಿಸುಮಾತನ್ನು ಊರಿಗೆಲ್ಲ ಕೇಳಿಸಿತು.

"ಹಸಿ... ಹಸಿ..."

ಅಂಗಡಿಯ ತೋಂಟದಾರ್ಯ ಚಾಪೆಯ ಮೇಲಿನಿಂದ ಎದ್ದು ನಿಂತು ಕೂಗಿದ. "ಔದ್ಲಾ, ಹಸಿಕಾಯೇ! ಅಲ್ಲಾಡ್ಸಿ ನೋಡ್ರಲಾ, ಸದ್ದೇ ಇಲ್ಲ!" ಇಡೀ ಬಯಲು ನಕ್ಕಿತು. ಸದಾಶಿವಯ್ಯ ಪರದೆಯ ಕಡೆ ನುಗ್ಗಿದರು. ಅವರ ಭುಜ ತಾಗಿ ಪಕ್ಕದ ಪರದೆ ಕಳಚಿ ಬಿತ್ತು. ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದ ಲಿಯಾಕತ್ ಎಲ್ಲರಿಗೂ ಕಂಡ. ಅವನ ಕೆನ್ನೆಗೆ ಬಿದ್ದ ಏಟೂ ಎಲ್ಲರಿಗೂ ಕಂಡಿತು. ಮದುವೆಯಾಗಿ ಮೂರು ತಿಂಗಳಾಗಿದ್ದ ಅವನ ಹೆಂಡತಿ ಸರ್ವರಿ ಬೇಗಂ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದಳು.

ಅಂದಿನಿಂದ ಅವರು ಹಸಿಕಾಯಿ ಸದಾಶಿವಯ್ಯ. ಲಿಯಾಕತ್ ಅಲಿ ಇಷ್ಟು ವರ್ಷ ಮತ್ತೆ ಈ ಊರಿಗೆ ಕಾಲಿಟ್ಟಿರಲಿಲ್ಲ. ತಮ್ಮ ಪಾಲಿನ ಮಾತು ಬರೆದುಕೊಂಡಿದ್ದ ಹಾಳೆಗಳನ್ನು ಸದಾಶಿವಯ್ಯ ಮಾರನೆಯ ದಿನ ಒಲೆಗೆ ಹಾಕಿದರು. ಮರೆತ ಮಾತು ಯಾವುದೆಂದು ಅವರಿಗೆ ಆಮೇಲೂ ಹೊಳೆಯಲಿಲ್ಲ. ನೆನಪು ಮಾಡಿಕೊಳ್ಳಲು ಅವರು ಯತ್ನಿಸಲೂ ಇಲ್ಲ. ಒಂದಂತೂ ನಿಶ್ಚಯವಾಗಿತ್ತು: ಟೈಲರು ತಮ್ಮನ್ನು ನಾಲ್ಕೂರಿನ ಮುಂದೆ ಹಸಿ ಎಂದು ಕರೆದ.

ಗೋಡೌನಿನ ಬಾಗಿಲು ತೆರೆದಿತ್ತು. ಒಳಗೆ ಹಳೆಯ ಕೊಬ್ಬರಿಯ ಕಮಟು ವಾಸನೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸದಾಶಿವಯ್ಯನವರಿಗೆ ಮೊದಲು ಕಂಡದ್ದು ಕಾಯಿಗಳು. ಉದ್ದದ ಬೆಂಚುಗಳ ಮೇಲೆ ಸಾಲುಸಾಲಾಗಿ ಇನ್ನೂರು ಕಾಯಿ, ಜುಟ್ಟು ಕೆತ್ತಿ ಮೂರು ಕಣ್ಣೂ ಕಾಣುವ ಹಾಗೆ, ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿದ್ದವು. ಎದುರಿಗೆ ಮೊಣಕಾಲೆತ್ತರದ ಹಲಗೆಯ ವೇದಿಕೆ. ಅದರ ಹಿಂದೆ ಕೆಂಪು ಪರದೆ. ವೇದಿಕೆಯ ನಡುವೆ ಒಂದು ಮೈಕು. ಮೈಕಿನ ಮೇಲೆ, ತಲೆ ಇರಬೇಕಾದ ಎತ್ತರಕ್ಕೆ, ದಾರದಲ್ಲಿ ತೂಗುತ್ತಿದ್ದ ಕಿರೀಟ. ಗಿಲೀಟು ಉದುರಿದ ಆ ಕಿರೀಟವನ್ನು ಅವರು ಗುರುತು ಹಿಡಿದರು.

ತಮ್ಮನ ಮಗಳು ಭಾನುಪ್ರಿಯಾ ಬೆಂಚಿನ ಮೇಲಿನ ಒಂದು ಕಾಯಿಯನ್ನು ತಿರುಗಿಸಿ ಇಡುತ್ತಿದ್ದಳು. ಮೈಸೂರಿನಲ್ಲಿ ಚಿತ್ರಕಲೆ ಓದುವ ಹುಡುಗಿ. ಕೊನೆಯ ವರ್ಷದ ಪರೀಕ್ಷೆಗೆ ಏನೋ ಮಾಡಬೇಕೆಂದು ಹದಿನೈದು ದಿನದ ಹಿಂದೆ ಬಂದು ಗೋಡೌನಿನ ಬೀಗದ ಕೈ ಕೇಳಿದ್ದಳು. ಗೋಡೆಗೆ ಚಿತ್ರ ನೇತುಹಾಕುತ್ತಾಳೆ ಎಂದುಕೊಂಡು ಅವರು ಕೊಟ್ಟಿದ್ದರು.

"ಬೀಗದ ಕೈ ಕೊಡು," ಅಂದರು ಸದಾಶಿವಯ್ಯ.

ಭಾನುಪ್ರಿಯಾ ಅವರ ಕೈಯಲ್ಲಿದ್ದ ಮಚ್ಚು ನೋಡಿದಳು. "ಯಾಕೆ ದೊಡ್ಡಪ್ಪ?"

"ಯಾಕೆ ಅಂತ ಬೇರೆ ಕೇಳ್ತೀಯಾ? ನಮ್ಮನೇ ಕಾಯಿ, ನಮ್ಮನೇ ಗೋಡೌನು. ಅದ್ರೊಳಗೇ ನನ್ನ ಮಾನ ತೆಗೀತೀಯಾ?"

"ಇದು ನಿಮ್ಮ ಕಥೆ ಅಲ್ಲ. ನಂದು."

"ಆ ಕಿರೀಟ?"

"ನಿಮ್ದು. ದೊಡ್ಡಮ್ಮ ಕೊಟ್ರು. ಆಯ್ತು, ಸುಳ್ಳ್ಯಾಕೆ ಹೇಳ್ಲಿ, ನಿಮ್ದೂ ಸ್ವಲ್ಪ ಐತೆ." ಅವಳ ದನಿ ಗಟ್ಟಿಯಾಯಿತು. "ಹೋದ ವರ್ಷ ಕಾಲೇಜಲ್ಲಿ ನಾನು ಮಾಡಿದ ಕೆಲ್ಸದ ಬಗ್ಗೆ ಎಲ್ರ ಮುಂದೆ ಹತ್ತು ನಿಮಿಷ ಮಾತಾಡ್ಬೇಕಿತ್ತು. ನಿಂತೆ. ಒಂದಕ್ಷರ ಬರ್ಲಿಲ್ಲ. ಕೈಯಲ್ಲಿದ್ದ ಪೇಪರ್ ನಡುಗೋ ಸದ್ದು ಮೈಕಲ್ಲಿ ಕೇಳಿಸ್ತಿತ್ತು. ಈ ವರ್ಷಾನೂ ಹಂಗಾದ್ರೆ ಫೇಲು. ಅದಕ್ಕೇ ಆ ಹೆದರಿಕೇನೇ ಕಟ್ಟಿದೀನಿ. ಯಾರಾದ್ರೂ ಇಲ್ಲಿ ಬಂದು ನಿಲ್ಲಲಿ, ಎಲ್ಲಾ ಕಣ್ಣೂ ಅವರ ಮೇಲೆ ಬೀಳ್ಲಿ, ಆಗ ಗೊತ್ತಾಗ್ಲಿ ಅಂತ. ನಾಳೆ ಜನ ಬರ್ತಾರೆ, ಸೋಮವಾರ ಮೇಷ್ಟ್ರುಗಳು ಬರ್ತಾರೆ."

"ಎಲ್ರಿಗೂ ಹೇಳ್ಬುಟ್ಟಿದೀಯ."

"ತೋಂಟದಾರ್ಯನ ಅಂಗಡಿ ಗೋಡೆಗೆ ಚೀಟಿ ಅಂಟಿಸಿದೀನಿ."

ತೋಂಟದಾರ್ಯನ ಹೆಸರು ಕೇಳಿದ್ದೇ ಸದಾಶಿವಯ್ಯ ವೇದಿಕೆ ಹತ್ತಿದರು. "ದೊಡ್ಡಪ್ಪ, ಬೇಡ! ನನ್ನ ಮೂರು ವರ್ಷ ಹಾಳಾಗ್ತದೆ!" ಎಂದು ಅವಳು ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ಕಾಲ ಕೆಳಗಿನ ಹಲಗೆ ಒಂದಿಷ್ಟು ಕುಸಿದು ಟಕ್ ಎಂದಿತು. ಎಲ್ಲಿಂದಲೋ ಪಿಸುಮಾತು ಬಂತು.

"ಹಸಿ... ಹಸಿ..."

ಅದೇ ದನಿ. ವಯಸ್ಸಾಗಿತ್ತು, ಆದರೆ ಅದೇ.

ಮಚ್ಚು ಮೇಲೆದ್ದು ಪರದೆಯ ಮೇಲೆ ಬಿತ್ತು. ಬಟ್ಟೆ ಮಾರುದ್ದ ಹರಿಯಿತು. ಎರಡನೆಯ ಏಟಿಗೆ ಅವರು ಕೈ ಎತ್ತಿದಾಗ, ಹಲಗೆಯ ಕೆಳಗೆ, ಆ ದನಿ ರೆಕಾರ್ಡು ಮಾಡಿ ಇಟ್ಟಿದ್ದ ಸ್ಪೀಕರು ಇನ್ನೊಮ್ಮೆ ಎರಡಕ್ಷರ ಕೊಟ್ಟು, ಒಂದು ಕ್ಷಣ ತಡೆದು, ಮಾತನ್ನು ಪೂರ್ತಿ ಹೇಳಿತು.

"ಹಸಿದು ಬಂದವನ ಮುಂದೆ ಕತ್ತಿ ಹಿರಿಯುವ ದೊರೆ ನಾನಲ್ಲ. ಕಣಜದ ಬಾಗಿಲು ತೆಗೆಯಿರಿ."

ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಹರಿದ ಪರದೆಯ ಆಚೆ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂತು ಪರದೆಯ ಅಂಚು ಹೊಲಿಯುತ್ತಿದ್ದ. ಬಿಳಿಯ ಗಡ್ಡ, ಮೂಗಿನ ತುದಿಗೆ ಕನ್ನಡಕ. ಅವನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿದ.

"ಕೈ ಒಂದು ಗೇಣು ಈ ಕಡೆ ಬಂದಿದ್ರೆ ಬಟ್ಟೆ ಬದ್ಲು ನನ್ನ ಕಿವಿ ಹೋಗ್ತಿತ್ತು," ಅಂದರು ಲಿಯಾಕತ್ ಅಲಿ. "ಅವತ್ತು ಕೆನ್ನೆ ಆಯ್ತು. ಇವತ್ತಿಗೆ ಕಿವಿ ಅಂತ ಉಳಿಸ್ಕೊಂಡಿದ್ರೇನೋ."

ಸದಾಶಿವಯ್ಯ ಮಚ್ಚು ಇಳಿಸಿದರು. "ಇದೇನಾ? ಅವತ್ತು ನೀನು ಕೊಟ್ಟಿದ್ದು ಈ ಮಾತೇನಾ?"

ಲಿಯಾಕತ್ ಅಲಿ ಸ್ಟೂಲಿನ ಕೆಳಗಿನಿಂದ ರಟ್ಟು ಸವೆದ ನೋಟುಪುಸ್ತಕ ತೆಗೆದು, ಹುಡುಕದೆಯೇ ಪುಟ ಬಿಚ್ಚಿ ಹಿಡಿದರು. "ನಲವತ್ತೆರಡನೇ ಪುಟ. ಓದ್ಕೊಳ್ಳಿ. ಎರಡಕ್ಷರ ಕೊಡು ಅಂತ ಮೇಷ್ಟ್ರು ಹೇಳಿದ್ರು. ಕೊಟ್ಟೆ. ಎತ್ಕೊಳ್ಳೋದು ನಿಮ್ಮ ಕೆಲ್ಸ ಆಗಿತ್ತು."

"ನೀನು ನನ್ನ ಹಸಿ ಅಂದೆ ಅಂದ್ಕಂಡೆ."

ಆ ಪದ ದೊಡ್ಡಪ್ಪನ ಬಾಯಿಂದ ಬಂದದ್ದನ್ನು ಭಾನುಪ್ರಿಯಾ ಹುಟ್ಟಿದ ಮೇಲೆ ಮೊದಲ ಸಲ ಕೇಳಿದಳು.

"ನೀವೊಬ್ರೇ ಏನಲ್ಲ, ಜನಾನೂ ಹಂಗೇ ಅಂದ್ಕೊಂಡ್ರು. ಕಾಯಿ ಸೀಮೆ ನೋಡಿ ಇದು. ಬೇರೆ ಕಡೆ ಆಗಿದ್ರೆ ಹಸಿ ಅಂದ ತಕ್ಷಣ ಹೊಟ್ಟೆ ನೆನಪಾಗ್ತಿತ್ತು. ಇಲ್ಲಿ ಅಟ್ಟ ನೆನಪಾಯ್ತು."

"ಇಷ್ಟು ವರ್ಷದಾಗೆ ಒಂದಿನ ಬಂದು ಹೇಳ್ಬೋದಾಗಿತ್ತಲ್ಲ!"

"ನಾನ್ಯಾಕೆ ಬರ್ಬೇಕು?" ಲಿಯಾಕತ್ ಅಲಿಯವರ ದನಿ ಏರಲಿಲ್ಲ. "ಕೈ ಎತ್ತೋಕೆ ಮುಂಚೆ ನೀವು ಕೇಳ್ಬೇಕಿತ್ತು, ಏನ್ಲಾ ಅಂದೆ ಅಂತ. ಕೇಳ್ಲಿಲ್ಲ. ನನ್ನ ಹೆಂಡ್ತಿ ಆವತ್ತು ಮನೆಗೆ ಹೋಗಿ ಕೇಳಿದ್ಲು, ನೀನು ಕಳ್ಳತನ ಮಾಡಿದ್ಯಾ ಅಂತ. ಏನೂ ಮಾಡ್ದೇನೇ ಯಾರೂ ಹಂಗೆ ಹೊಡೆಯೋಲ್ಲ ಅಂತ ಅವಳ ಲೆಕ್ಕ."

ಸದಾಶಿವಯ್ಯ ನೋಟುಪುಸ್ತಕದ ದುಂಡು ಅಕ್ಷರಗಳನ್ನು ನೋಡುತ್ತಾ ನಿಂತರು. ಹಲಗೆಯ ಕೆಳಗಿನ ಸ್ಪೀಕರು ಮತ್ತೆ ಮೊದಲಿಂದ ಎರಡಕ್ಷರ ಶುರುಮಾಡಿತು. ಭಾನುಪ್ರಿಯಾ ಓಡಿಹೋಗಿ ವೈರು ಕಿತ್ತಳು.

"ಆಯ್ತು. ತಪ್ಪಾಯ್ತು," ಅಂದರು ಸದಾಶಿವಯ್ಯ, ತೊರೆಯ ಆಚೆಯವನಿಗೆ ಕೂಗುವವರ ಹಾಗೆ ಒರಟಾಗಿ. "ಸಾಕಾ?"

"ಯಾರು ಕೇಳಿಸ್ಕೊಂಡ್ರು?" ಲಿಯಾಕತ್ ಅಲಿ ಪರದೆಯ ಹರಕಿನಿಂದ ಬೆಂಚುಗಳ ಕಡೆ ಕೈ ತೋರಿಸಿದರು. "ಇವಾ? ಹೊಡೆದಾಗ ನಾಲ್ಕೂರು ಜನ ಇದ್ರು ಸ್ವಾಮಿ. ತಪ್ಪು ಮಾತ್ರ ಯಾರೂ ಇಲ್ದಾಗ ತೆಂಗಿನಕಾಯಿ ಮುಂದೆ ಒಪ್ಕೊತೀರಾ? ನಾಳೆ ಜನ ಬರ್ತಾರೆ. ಸರ್ವರೀನೂ ಕರ್ಕೊಂಡು ಬರ್ತೀನಿ. ಇದೇ ಜಾಗದಲ್ಲಿ ನಿಂತು ಹೇಳಿ. ಲಿಯಾಕತ್ ಅಲಿ ತಪ್ಪು ಮಾಡಿರ್ಲಿಲ್ಲ, ತಪ್ಪು ನಂದು ಅಂತ. ಅಷ್ಟೇ."

"ಹೇಳ್ದಿದ್ರೆ?"

"ಹೇಳ್ದಿದ್ರೆ ಇಲ್ಲ. ಇಷ್ಟು ವರ್ಷ ನಡೀತಲ್ಲ, ಹಂಗೇ ನಡೀತದೆ."

ಸದಾಶಿವಯ್ಯ ಬೀಗದ ಕೈ ಕೇಳದೆ ಹೊರಗೆ ಬಂದರು. ಹಿಂದಿನಿಂದ ಭಾನುಪ್ರಿಯಾ ಅಳುದನಿಯಲ್ಲಿ ಪರದೆ ಏನು ಮಾಡುವುದೆಂದು ಕೇಳುತ್ತಿದ್ದಳು. "ಹೊಲಿಯೋದು ಬೇಟಿ. ಹರಿದಿದ್ದನ್ನ ಇನ್ನೇನು ಮಾಡ್ತಾರೆ," ಎಂದು ಲಿಯಾಕತ್ ಅಲಿ ಹೇಳುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಗುರುಶಾಂತಮ್ಮ ಮುದ್ದೆ ಬಡಿಸಿ ಎದುರಿಗೆ ನಿಂತರು. ಅಷ್ಟರಲ್ಲಿ ಭಾನುಪ್ರಿಯಾ ಬಂದು ಅವರೊಬ್ಬರಿಗೇ ಎಲ್ಲ ಹೇಳಿ ಹೋಗಿದ್ದಳು.

"ಕಿರೀಟ ಯಾಕ್ ಕೊಟ್ಟೆ?" ಎಂದರು ಸದಾಶಿವಯ್ಯ.

"ಅಟ್ಟದ ಮ್ಯಾಲೆ ಇಲಿ ತಿಂತಿತ್ತು. ಕೊಟ್ಟೆ."

"ನನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಕೊಡ್ತಿದ್ರಾ?" ಗುರುಶಾಂತಮ್ಮ ಸಾರಿನ ಪಾತ್ರೆ ಕೆಳಗಿಟ್ಟರು. "ಮೂವತ್ತೊಂದು ವರ್ಷ ನನ್ನ ಬಾಯಿಗೆ ಬೀಗ ಹಾಕಿದ್ರಿ. ಮಕ್ಕಳಿಗೆ ಹಸಿವಾದ್ರೂ ಹಸಿವು ಅನ್ನಂಗಿರ್ಲಿಲ್ಲ ಈ ಮನೇಲಿ. ಈಗ ನೋಡಿದ್ರೆ ಆ ಸಾಬ್ರು ಹೇಳಿದ್ದೇ ಹಸಿವಿನ ಮಾತಂತೆ. ನಾಳೆ ಹೇಳ್ತೀರಾ ಇಲ್ವಾ?"

"ಹೇಳ್ತೀನಿ ಬುಡು. ಎರಡು ಮಾತು, ಅದೇನ್ ಮಹಾ."

"ಅವತ್ತೂ ಬಣ್ಣ ಹಚ್ಕಂಡು ಹೋಗಾಗ ಹಿಂಗೇ ಅಂದಿದ್ರಿ."

ಅವರು ಅರ್ಧ ಮುದ್ದೆ ಬಿಟ್ಟು ಎದ್ದರು.

ಭಾನುವಾರ ಬೆಳಿಗ್ಗೆ ಕೆಲಸದವರು ಬರುವ ಮುಂಚೆ ಸದಾಶಿವಯ್ಯ ಏಣಿ ಹತ್ತಿ ಅಟ್ಟಕ್ಕೆ ಹೋದರು. ಉಳಿದ ಕಾಯಿ ಗುಡ್ಡೆಯಾಗಿ ಬಿದ್ದಿತ್ತು. ತಲೆ ತೊಲೆಗೆ ತಾಗದ ಹಾಗೆ ಬಗ್ಗಿ ನಿಂತು, ಗುಡ್ಡೆಯ ಕಡೆ ನೋಡಿ ಹೇಳಿದರು. "ಲಿಯಾಕತ್ ಅಲಿ ತಪ್ಪು ಮಾಡಿರ್ಲಿಲ್ಲ. ತಪ್ಪು ನಂದು." ಎಂಟು ಸಲ ಹೇಳಿದರು. ಎಂಟು ಸಲವೂ ತಡವರಿಸದೆ ಬಂತು. ಕೆಳಗೆ ಇಳಿದಾಗ ಬನಿಯನ್ ಬೆವರಿಗೆ ಮೈಗಂಟಿಕೊಂಡಿತ್ತು.

ಹನ್ನೊಂದಕ್ಕೆಲ್ಲ ಗೋಡೌನಿನ ಮುಂದೆ ಜನ ಸೇರಿದ್ದರು. ಇಂಥದ್ದೊಂದು ಊರಿನಲ್ಲಿ ಎಂದೂ ಆಗಿರಲಿಲ್ಲ. ಏನು ನೋಡುವುದು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಸಿಕಾಯಿ ಸದಾಶಿವಯ್ಯ ಮತ್ತೆ ಸ್ಟೇಜು ಹತ್ತುತ್ತಾನಂತೆ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಭಾನುಪ್ರಿಯಾ ಕಾಯಿಯ ಸಾಲುಗಳ ನಡುವೆ ಎರಡು ಬೆಂಚು ಮನುಷ್ಯರಿಗೆ ಬಿಟ್ಟಿದ್ದಳು. ಉಳಿದವರು ಗೋಡೆಗೆ ಒರಗಿ ನಿಂತರು. ಕೆಂಪು ಪರದೆಯ ಮೇಲೆ ಮಾರುದ್ದದ ಬಿಳಿ ಹೊಲಿಗೆ ಎದ್ದು ಕಾಣುತ್ತಿತ್ತು.

"ಏನ್ ಸಾಬ್ರೇ," ಎಂದ ತೋಂಟದಾರ್ಯ. ಈಗ ಕಟ್ಟಿಸಿದ ಹಲ್ಲು, ಆದರೆ ಅದೇ ಗಂಟಲು. "ಕೆಂಪು ಬಟ್ಟೆಗೆ ಬಿಳೀ ದಾರ ಹಾಕಿದೀರಲ್ಲ. ಕೆಂಪು ದಾರ ಇರ್ಲಿಲ್ವಾ?"

"ಇತ್ತು," ಎಂದು ಲಿಯಾಕತ್ ಅಲಿ ಪರದೆಯ ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂತರು. ಪರದೆಯ ತುದಿ ಸರಿದಿದ್ದ ಕಡೆ ಅವರ ಮೊಣಕಾಲೂ ಅದರ ಮೇಲಿನ ನೋಟುಪುಸ್ತಕವೂ ಕಾಣುತ್ತಿದ್ದವು. ಸರ್ವರಿ ಬೇಗಂ ಮುಂದಿನ ಬೆಂಚಿನ ತುದಿಯಲ್ಲಿ, ಒಂದು ತೆಂಗಿನಕಾಯಿಯ ಪಕ್ಕದಲ್ಲಿ, ಕೈ ಮಡಿಲಲ್ಲಿಟ್ಟು ಕೂತರು. ಗುರುಶಾಂತಮ್ಮ ಹೋಗಿ ಅವರ ಪಕ್ಕ ಕೂರಲು ನೋಡಿದರು. ಸರ್ವರಿ ಬೇಗಂ ಜಾಗ ಬಿಡಲಿಲ್ಲ. ಗುರುಶಾಂತಮ್ಮ ಹಿಂದೆ ಹೋಗಿ ನಿಂತರು.

ಸದಾಶಿವಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ವೇದಿಕೆ ಹತ್ತುವಾಗ ಯಾರೋ ಹಿಂದಿನಿಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಕಿಸಕ್ ಎಂದು ನಗು ಹರಡಿತು. ಅವರು ಮೈಕಿನ ಮುಂದೆ, ತೂಗುವ ಕಿರೀಟದ ಕೆಳಗೆ ನಿಂತರು. ಹಲಗೆ ಟಕ್ ಎಂದಿತು.

"ಹಸಿ... ಹಸಿ..."

ನಗು ಈಗ ಜೋರಾಯಿತು. ತೋಂಟದಾರ್ಯ ತೊಡೆ ತಟ್ಟಿದ. ಸದಾಶಿವಯ್ಯನವರ ಕಣ್ಣ ಮುಂದೆ ಮನುಷ್ಯರ ಮುಖವೂ ಕಾಯಿಯ ಮುಖವೂ ಒಂದರೊಳಗೊಂದು ಬೆರೆತವು. ಅಟ್ಟದ ಮೇಲೆ ಎಂಟು ಸಲ ಬಂದ ಮಾತು ಎಲ್ಲೂ ಇರಲಿಲ್ಲ. ಸ್ಪೀಕರು ಎರಡನೆಯ ಸಲ ಎರಡಕ್ಷರ ಕೊಟ್ಟಿತು. ಅದು ಮುಂದಿನದನ್ನು ಹೇಳುವ ಮೊದಲೇ ಅವರು ಬಾಯಿ ತೆರೆದರು.

"ಹಸಿದು ಬಂದವನ ಮುಂದೆ ಕತ್ತಿ ಹಿರಿಯುವ ದೊರೆ ನಾನಲ್ಲ!"

ಎಲ್ಲಿತ್ತೋ ಆ ಗಂಟಲು. ಗೋಡೌನಿನ ತಗಡು ಝಲ್ ಎಂದಿತು. "ಕಣಜದ ಬಾಗಿಲು ತೆಗೆಯಿರಿ!"

ನಗು ನಿಂತುಹೋಯಿತು. ಅರ್ಥವಾಗಲು ಜನಕ್ಕೆ ಒಂದು ಗಳಿಗೆ ಬೇಕಾಯಿತು. ಮೊದಲು ಸಣ್ಣತಿಮ್ಮಯ್ಯ, "ಅಯ್ಯೋ ಶಿವನೇ, ಹಸಿದು! ಹಸಿದು ಅಂತ ಕಣ್ರಲಾ ಅದು!" ಎಂದ. ಮಾತು ಗೋಡೆಯ ಉದ್ದಕ್ಕೂ ಹರಿಯಿತು. ಒಬ್ಬರಿಗೊಬ್ಬರು ಬಿಡಿಸಿ ಹೇಳಿಕೊಂಡರು. ಆಮೇಲೆ ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಭಾನುಪ್ರಿಯಾ ಸ್ಪೀಕರಿನ ವೈರು ಕಿತ್ತು, ಬಾಗಿಲ ಬಳಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತೋಂಟದಾರ್ಯ ಎದ್ದುನಿಂತು ಕೂಗಿದ. "ಲೇ ಸದಾಶಿವ! ಗಿಟುಕು ಕಣ್ಲಾ ನೀನು! ಇಷ್ಟ್ ದಿನ ಸುಮ್ನೆ ಅಂದ್ಬುಟ್ವಲ್ಲ!"

ಗಿಟುಕು ಎಂದರೆ ಚೆನ್ನಾಗಿ ಒಣಗಿ ಲೊಡಲೊಡ ಅನ್ನುವ ಕೊಬ್ಬರಿ. ಈ ಸೀಮೆಯಲ್ಲಿ ಗಂಡಸಿಗೆ ಅದಕ್ಕಿಂತ ಮೇಲಿನ ಮಾತಿಲ್ಲ. ಸದಾಶಿವಯ್ಯನವರ ಕಣ್ಣು ತುಂಬಿತು.

ಚಪ್ಪಾಳೆ ಇಳಿಯಿತು. ಸರ್ವರಿ ಬೇಗಂ ಅವರ ಕೈ ಮಡಿಲಲ್ಲೇ ಇತ್ತು. ಅವರು ಕಾಯುತ್ತಿದ್ದರು. ಸದಾಶಿವಯ್ಯ ಮೈಕಿನ ಹತ್ತಿರಕ್ಕೆ ಬಾಯಿ ತಂದರು. "ಲಿಯಾಕತ್..." ಎಂದರು. ಜನ ಕಿವಿಗೊಟ್ಟರು. ಆ ಹೆಸರಿನ ಮುಂದೆ ಇನ್ನೇನೋ ಬರಬೇಕಿತ್ತು. ಇನ್ನೂ ಜನರ ಮುಖದ ಮೇಲೆ ಚಪ್ಪಾಳೆಯ ಖುಷಿ ಉಳಿದಿತ್ತು. ಮುಂದಿನ ಮಾತು ಹೇಳಿದರೆ ಆ ಮುಖಗಳು ಏನಾಗುತ್ತವೆ ಎಂದು ಅವರು ನೋಡುತ್ತಾ ನಿಂತರು. ಅವರು ಪರದೆಯ ಕಡೆ ತಿರುಗಿದರು.

"ಮುಂದೇನು?" ಎಂದರು ಮೆಲ್ಲಗೆ. ಮೈಕು ಅದನ್ನೂ ಎಲ್ಲರಿಗೂ ಕೇಳಿಸಿತು.

ಲಿಯಾಕತ್ ಅಲಿ ಮೊಣಕಾಲ ಮೇಲಿನ ನೋಟುಪುಸ್ತಕ ಮುಚ್ಚಿದರು.

"ಮುಂದಿನದು ಇದ್ರಲ್ಲಿ ಬರೆದಿಲ್ಲ ಸ್ವಾಮಿ. ನಾನು ಕೊಡೋಕಾಗಲ್ಲ."

ಅದೂ ನಾಟಕದ ಮಾತೇ ಇರಬೇಕೆಂದು ಜನ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಆ ಸದ್ದಿನೊಳಗೇ ಸದಾಶಿವಯ್ಯ ಕೆಳಗೆ ಇಳಿದರು. ತೋಂಟದಾರ್ಯ ಅವರ ಹೆಗಲಿಗೆ ಕೈ ಹಾಕಿ ಕಾಫಿಗೆ ಎಳೆದ. ಸರ್ವರಿ ಬೇಗಂ ಎದ್ದು ಬುರ್ಖಾದ ಮೇಲಿನ ತೆಂಗಿನ ನಾರು ಕೊಡವಿದರು. ಹೊರಗೆ ಹೋಗುವ ದಾರಿಯಲ್ಲಿ ಅವರು ಸದಾಶಿವಯ್ಯನವರ ಮುಂದೆ ನಿಂತರು.

"ನಾಟಕದ ಮಾತು ಚೆನ್ನಾಗಿ ಹೇಳಿದ್ರಿ," ಅಂದರು. ಉತ್ತರಕ್ಕೆ ನಿಲ್ಲಲಿಲ್ಲ.

ಸೋಮವಾರ ಮೈಸೂರಿನ ಮೇಷ್ಟ್ರುಗಳು ಬಂದು ನೋಡಿ ಹೋದರು. ಅವರ ಮುಂದೆ ಭಾನುಪ್ರಿಯಾ ಆರು ನಿಮಿಷ ಮಾತಾಡಿದಳಂತೆ, ಆಮೇಲೆ ಮಾತು ಬರಲಿಲ್ಲವಂತೆ. ಆರು ಸಾಕು ಅಂದರಂತೆ. ಅವಳು ದೊಡ್ಡಪ್ಪನ ಮನೆಗೆ ಬಂದು ಬೀಗದ ಕೈಯನ್ನು ಗೂಟಕ್ಕೆ ಹಾಕಿದಳು, ಅವರ ಜೊತೆ ಮಾತಾಡಲಿಲ್ಲ.

ಮಂಗಳವಾರ ಅಂಗಳದಲ್ಲಿ ಕೆಲಸ ಮತ್ತೆ ಶುರುವಾಯಿತು. ಸಣ್ಣತಿಮ್ಮಯ್ಯ ಸುಲಿದು ಎಸೆದ. ಸದಾಶಿವಯ್ಯ ಎತ್ತಿ ಅಲ್ಲಾಡಿಸಿದರು. ಸದ್ದಿಲ್ಲ.

"ಹಸಿ ಕಣ್ರಯ್ಯ ಅದು, ಆ ಕಡೆ ಹಾಕಿ," ಎಂದಳು ಕಲ್ಲಮ್ಮ, ತಲೆ ಎತ್ತದೆ, ಬೇರೆ ಎಲ್ಲ ಅಂಗಳದಲ್ಲಿ ಅನ್ನುವ ಹಾಗೆ. ಯಾರ ಕೈಯೂ ನಿಲ್ಲಲಿಲ್ಲ. ಸದಾಶಿವಯ್ಯ ಕಾಯಿಯನ್ನು ಮೂಲೆಗೆ ಹಾಕಿದರು.

ರಸ್ತೆಯಲ್ಲಿ ಟಿವಿಎಸ್ ಗಾಡಿಯ ಸದ್ದು ಬಂತು. ಲಿಯಾಕತ್ ಅಲಿ ತಮ್ಮ ಪರದೆಯನ್ನು ಬಿಚ್ಚಿ ಮಡಿಸಿ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಬಿಳಿಯ ಹೊಲಿಗೆ ಮೇಲೆ ಬರುವ ಹಾಗೆ ಮಡಿಸಿದ್ದರು. ಸದಾಶಿವಯ್ಯ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಎದ್ದು, ಅಂಗಳದ ಅಂಚಿನವರೆಗೆ ಬಂದರು. ಕೂಗಲು ಬಾಯಿ ತೆರೆದರು. ಗಾಡಿ ನಿಧಾನವಾಗಲಿಲ್ಲ. ಮಟ್ಟೆಯ ಗುಡ್ಡೆ ದಾಟಿ, ದಂಡಿನಶಿವರದ ತಿರುವಿನಲ್ಲಿ ಮರೆಯಾಯಿತು.

"ಅಯ್ಯಾ," ಎಂದು ಹಿಂದಿನಿಂದ ಸಣ್ಣತಿಮ್ಮಯ್ಯ ಕೂಗಿದ. "ಕಾಯಿ ರಾಶಿ ಬೀಳ್ತಾ ಐತೆ. ಬನ್ನಿ, ನೋಡ್ರಿ."

ಅವರು ಹಿಂತಿರುಗಿ ಚಪ್ಪಡಿಯ ಮೇಲೆ ಕೂತು, ಮುಂದಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದರು.